ನಾಲ್ಕು ಪೆಟ್ಟಿನ ಅನುಮತಿ

ತಲೆ ಬಾಚಿಕೊಳ್ಳದೆ ಹೊರಟು ಬಂದಿದ್ದೇನೆಂಬುದು ನೀಲಾವತಿಗೆ ತಿಳಿದದ್ದು ರೈಲಿನ ಕಿಟಕಿಯ ಗಾಜಿನಲ್ಲಿ. ಡಚ್ಚರ ನಾಡಿನ ಲೈಡನ್ ದಾಟಿದ ಮೇಲೆ ಹೊರಗೆ ಬರೀ ಬಯಲು, ಬಯಲಿನ ನಡುವೆ ಹಿಡಿಸೂಡಿಯ ಕಡ್ಡಿ ಇಟ್ಟಂತೆ ನೆಟ್ಟಗಿನ ಕಾಲುವೆಗಳು; ಅವೆಲ್ಲ ಹಿಂದಕ್ಕೆ ಓಡುತ್ತಿದ್ದರೆ ಅವುಗಳ ಮೇಲೆ ಒಂದು ಹೆಂಗಸಿನ ಕೆದರಿದ ತಲೆ ಮಾತ್ರ ಓಡದೆ ನಿಂತಿತ್ತು. ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಕೂದಲು ಎಣ್ಣೆ ಕಾಣದೆ ಏಳು ದಿನವಾಗಿತ್ತು. ಹಾಕಬೇಡ ಎಂದು ಯಾರೂ ಹೇಳಿರಲಿಲ್ಲ. ಗಂಡ ಚೇತನ್ ಅಂತೂ ನಾಲ್ಕನೆಯ ದಿನ ಬೆಳಿಗ್ಗೆಯೇ ಮೈಸೂರಿನ ತನ್ನ ತಾಯಿಗೆ ಫೋನು ಮಾಡಿ ಕೇಳಿ ಬಂದು, "ನೋಡು ನೀಲಾ, ಮದುವೆಯಾಗಿ ಹೋದ ಹೆಣ್ಣಿಗೆ ತವರಿನ ಸೂತಕ ಮೂರೇ ದಿನವಂತೆ. ನಿಂದು ನಿನ್ನೆಗೇ ಮುಗೀತು. ಸ್ನಾನ ಮಾಡಿ ದೀಪ ಹಚ್ಚು, ಮನಸ್ಸಿಗೂ ಒಳ್ಳೇದು" ಎಂದಿದ್ದ. ಒಳ್ಳೆಯದಕ್ಕೇ ಹೇಳಿದ್ದ. ಅವಳು ಸ್ನಾನ ಮಾಡಿ ದೀಪ ಹಚ್ಚಿದಳು. ಅದೇ ಸಂಜೆ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ, ಪರಿಚಯದ ಕನ್ನಡತಿ ಚಂದ್ರಪ್ರಭಾ ಅವರ ಮನೆಯ ಪೂಜೆಗೂ ಹೋಗಿ, ಆರತಿಯ ತಟ್ಟೆ ಮುಂದೆ ಬಂದಾಗ ಕೈ ಒಡ್ಡಿದಳು. ಬೆಂಕಿ ಬಿಸಿಯಾಗಿತ್ತು, ಅಷ್ಟೇ. "ಯಾಕ್ರೀ ಇಷ್ಟು ಡಲ್ ಆಗಿದೀರ?" ಎಂದರು ಚಂದ್ರಪ್ರಭಾ. "ವರ್ಕ್ ಪ್ರೆಶರ್" ಎಂದಳು. ಹಿಂದೊಮ್ಮೆ ಅದೇ ಸೋಫಾದ ಮೇಲೆ ಕೂತು, "ನಿಮ್ಮಣ್ಣ ಏನ್ಮಾಡ್ತಾರೆ?" ಎಂಬ ಪ್ರಶ್ನೆಗೆ "ಮ್ಯೂಸಿಕ್ ಟೀಚರ್" ಎಂದಿದ್ದಳು. ಅಣ್ಣ ಪೂವಪ್ಪ ಶಿರ್ವದ ಕಡೆಯ ಒಂದು ಸಣ್ಣ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವನು. ಮಳೆಗಾಲದಲ್ಲಿ ಮೇಳ ನಿಂತರೆ ಯಾವುದೋ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವನು. ಯಾರಿಗೂ ಏನನ್ನೂ ಕಲಿಸಿದವನಲ್ಲ. ಬದುಕಿದ್ದವನನ್ನು ಬೇರೆ ಯಾರನ್ನೋ ಮಾಡಿದೆ, ಸತ್ತವನನ್ನು ಇಲ್ಲವೆಂದೇ ಮಾಡಿದೆ ಎಂದು ಗಾಜಿನೊಳಗಿನ ತಲೆ ಅವಳಿಗೆ ಹೇಳುತ್ತಿದ್ದಂತಿತ್ತು.

ಚೇತನನ ಲೆಕ್ಕ ಅವನ ಊರಿಗೆ ಸರಿ. ತುಳುನಾಡಿನ ಅವಳ ಮನೆಯ ಲೆಕ್ಕವೇ ಬೇರೆ. ಅಲ್ಲಿ ಕುಲವನ್ನು ಬಳಿ ಎನ್ನುತ್ತಾರೆ, ಅದು ಬರುವುದು ತಾಯಿಯಿಂದ. ಹೆಣ್ಣು ಮದುವೆಯಾಗಿ ಏಳು ಸಮುದ್ರ ದಾಟಿದರೂ ಅವಳ ಬಳಿ ಅಣ್ಣನ ಬಳಿಯೇ. ನಿನ್ನೆ ಸಂಜೆ ಅತ್ತಿಗೆ ಮೈಥಿಲಿ ಫೋನಿನಲ್ಲಿ ಅದನ್ನೇ ಹೇಳಿದ್ದಳು. "ನಾನು ಬೇರೆ ಬಳಿಯವಳು ನೀಲಾ. ಒಂದೇ ಹೊಟ್ಟೆಯಿಂದ ಬಂದದ್ದು ನೀವಿಬ್ಬರು. ಸೂತಕ ನನಗಿಂತ ನಿನಗೆ ಗಟ್ಟಿ. ಇಪ್ಪತ್ತಕ್ಕೆ ಬೊಜ್ಜ, ಹದಿಮೂರನೇ ದಿನದ್ದು. ಅಷ್ಟರವರೆಗೆ ದೇವರ ಹತ್ತಿರ, ದೈವದ ಹತ್ತಿರ ಎಲ್ಲ ಹೋಗ್ಬೇಡ ಮಾರಾಯ್ತಿ." ನೀಲಾವತಿ ಹೂಂಗುಟ್ಟಿದಳು, ಆರತಿ ತೆಗೆದುಕೊಂಡ ಅಂಗೈಯನ್ನು ಸೀರೆಗಲ್ಲ, ಜೀನ್ಸಿಗೆ ಒರೆಸಿಕೊಂಡಳು. ಆಮೇಲೆ ಅತ್ತಿಗೆ, "ಒಂದು ಮಾತು. ಮೂರನೇ ದಿನದಿಂದ ಅನ್ನ ಇಡ್ತಾ ಇದ್ದೇವೆ, ಕಾಗೆ ಮುಟ್ಟುದಿಲ್ಲ. ಬರ್ತದೆ, ಗೋಡೆ ಮೇಲೆ ಕೂತ್ಕೊಳ್ತದೆ, ನೋಡ್ತದೆ, ಹೋಗ್ತದೆ. ಅವರಿಗೆ ಎಂತದೋ ಆಸೆ ಉಳಿದಿದೆ. ಮಗಳ ಮದುವೆ ಅಂತ ಹೇಳಿ ನೋಡಿದೆ, ಮೇಳದವರ ಹತ್ತಿರ ಮದ್ದಳೆ ಕೊಡ್ತೇನೆ ಅಂತ ಹೇಳಿ ನೋಡಿದೆ. ಊಹೂಂ. ನಿನಗೆ ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು. "ಇಲ್ಲ ಅತ್ತಿಗೆ" ಎಂದಳು ನೀಲಾವತಿ. ಹೇಳಿದ್ದ. ಏನೆಂದು ಹೇಳಿದ್ದ ಎಂಬುದೂ ಅವಳಿಗೆ ಗೊತ್ತಿತ್ತು.

ತಿಂಗಳ ಒಂದನೇ ತಾರೀಕು ಅವನು ಫೋನು ಮಾಡಿದಾಗ ಅವಳು ಡಿಪೋದ ಮೇಜಿನ ಮೇಲೆ ಬಗ್ಗಿ ಚರ್ಮದ ಬಿಗುವನ್ನು ಅಳೆಯುತ್ತಿದ್ದಳು. ಹೂಫ್‌ಡಾರ್ಪಿನ ಆಫೀಸು ಕಟ್ಟಡಗಳ ಹಿಂದೆ, ಮ್ಯೂಸಿಯಮ್ಮೊಂದು ತನ್ನ ಪ್ರದರ್ಶನಕ್ಕಿಡದ ವಸ್ತುಗಳನ್ನು ತುಂಬಿಟ್ಟ ಕಟ್ಟಡ ಅದು. ಕಿಟಕಿಯಿಲ್ಲದ ಕೋಣೆಗಳಲ್ಲಿ ಚರ್ಮ, ಗರಿ, ತೊಗಟೆಯ ವಸ್ತುಗಳನ್ನು ಕೆಡದಂತೆ ಕಾಯುವುದು ಅವಳ ಕೆಲಸ. ಮೇಜಿನ ಮೇಲಿದ್ದದ್ದು ಒಜಿಬ್ವೆ ಜನರ ಒಂದು ದೊಡ್ಡ ಡೋಲು. ಅಮೆರಿಕದ ಉತ್ತರದ ಸರೋವರಗಳ ಕಡೆಯಿಂದ ಯಾರೋ ಕೊಂಡು, ಇನ್ಯಾರೋ ಮಾರಿ, ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದದ್ದು. ಮೇಲಿನ ಚರ್ಮ ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಸೂರ್ಯನ ದಾರಿಯಂತೆ ಒಂದು ಹಳದಿ ಗೆರೆ. ಸುತ್ತ ಮಣಿ ಹೊಲಿದ ಕಪ್ಪು ಮಖಮಲ್ಲಿನ ಲಂಗ. ಅದನ್ನು ನೆಲಕ್ಕೆ ತಾಗಿಸಬಾರದು, ನಾಲ್ಕು ಬಾಗಿದ ಗೂಟಗಳ ನಡುವೆ ತೂಗಿಸಬೇಕು; ಅವರಿಗೆ ಅದು ವಸ್ತುವಲ್ಲ, ಅಜ್ಜ. ಇದೆಲ್ಲ ಅವಳಿಗೆ ಗೊತ್ತಾದದ್ದು ಎರಡು ವರ್ಷದ ಪತ್ರವ್ಯವಹಾರದಲ್ಲಿ. ಆ ಅಜ್ಜನನ್ನು ನೋಡಲು ಅದರ ಊರಿನವರು ಹದಿನಾಲ್ಕಕ್ಕೆ ಬರುವವರಿದ್ದರು. ಬಾರಿಸಬಹುದೇ ಎಂದು ಅವರು ಕೇಳಿದ್ದರು. ಸಾಧ್ಯವಿಲ್ಲ ಎಂದು ಎಲ್ಲರೂ ಹೇಳಿದಾಗ ಹಟ ಹಿಡಿದು, ಅಳೆದು, ವರದಿ ಬರೆದು, ಮೆತ್ತನೆಯ ನಾಲ್ಕು ಪೆಟ್ಟನ್ನು ಈ ಚರ್ಮ ತಡೆಯುತ್ತದೆ ಎಂದು ಸಹಿ ಹಾಕಿದವಳು ನೀಲಾವತಿ. ನಾಲ್ಕೇ ನಾಲ್ಕು.

"ನೀಲಾ, ಪುರುಸೊತ್ತು ಉಂಟಾ?" ಎಂದಿದ್ದ ಅಣ್ಣ.

"ಇಲ್ಲ ಅಣ್ಣ. ಹದಿನಾಲ್ಕು ಕಳೀಲಿ, ನಾನೇ ಮಾಡ್ತೇನೆ."

"ಓಹೋ, ನಿನ್ನ ಡೋಲಾ? ನೀನು ಡೋಲಿಗೆ ನರ್ಸು ಮಾರಾಯ್ತಿ. ಮಲಗಿಸ್ತಿ, ಹೊದಿಸ್ತಿ, ಜ್ವರ ನೋಡ್ತಿ. ಮಾತಾಡ್ಲಿಕ್ಕೆ ಮಾತ್ರ ಬಿಡುದಿಲ್ಲ."

"ಈ ಸಲ ಮಾತಾಡಿಸ್ತೇವೆ. ನಾಲ್ಕು ಪೆಟ್ಟು."

ಆ ಕಡೆಯ ನಗು ನಿಂತಿತ್ತು. "ಹೌದಾ? ಹಾಗಾದ್ರೆ ನೀನು ಹತ್ತಿರವೇ ನಿಲ್ಲು. ಅದರ ಧ್ವನಿ ಹೇಗೆ ಉಂಟೂಂತ ನನಗೆ ಹೇಳ್ಬೇಕು. ತೊಂಬತ್ತು ವರ್ಷ ಮಾತಾಡದವನ ಮೊದಲ ಮಾತು. ಮರೀಬೇಡ. ನನಗೆ ಈಗ ಬೇರೆ ಎಂತದೂ ಬೇಡ, ಅದೊಂದು ಕೇಳ್ಬೇಕು." ಆಮೇಲೆ ಏನೋ ಹೇಳಲು ಹೊರಟು, "ಆಯ್ತು, ಇಡು, ನಿನಗೆ ಕೆಲಸ" ಎಂದಿದ್ದ. ಎದೆಯೊಳಗೆ ನೋವಿತ್ತಂತೆ, ಅತ್ತಿಗೆ ಆಮೇಲೆ ಹೇಳಿದಳು. ಅದನ್ನು ಹೇಳಲು ಫೋನು ಮಾಡಿದ್ದನಂತೆ. ಎಂಟನೇ ತಾರೀಕು ಬೆಳಗಿನ ಜಾವ ಹೋದ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಹೊರಟರೂ ತಲುಪುತ್ತಿರಲಿಲ್ಲ ಎಂದು ಅವಳು ಹೊರಡಲಿಲ್ಲ. ಆಫೀಸಿನಲ್ಲಿಯೂ ಹೇಳಲಿಲ್ಲ. ಹೇಳಿದರೆ ಇಲ್ಲಿನವರು ಪ್ರೀತಿಯಿಂದಲೇ ರಜೆ ಕೊಟ್ಟು ಮನೆಗೆ ಕಳಿಸುತ್ತಾರೆ, ಹದಿನಾಲ್ಕಕ್ಕೆ ಬೇರೆಯವರನ್ನು ನಿಲ್ಲಿಸುತ್ತಾರೆ. ಆಗ ಆ ಧ್ವನಿಯನ್ನು ಕೇಳುವವರು ಯಾರು? ಇವತ್ತು ಹದಿನಾಲ್ಕು. ಬೆಳಿಗ್ಗೆ ಮಗಳು ಅನ್ವಿತಾ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಖಾತ್ ಹೆಟ್, ಮಮ್ಮಾ?" ಎಂದು ಡಚ್ಚಿನಲ್ಲೇ ಕೇಳಿದ್ದಳು, ಸರಿಯಾಗಿದ್ದೀಯಾ ಎಂದು. ಹೂಂ ಎಂದು ಹೇಳಿ, ಸ್ಟೀಲಿನ ಡಬ್ಬಿಗೆ ಕುಚ್ಚಲಕ್ಕಿ ಅನ್ನ ತುಂಬುವಾಗ ಬೆರಳು ತನ್ನಷ್ಟಕ್ಕೆ ಒಂದು ತುತ್ತನ್ನು ನಾದತೊಡಗಿದ್ದು ನೆನಪಾಯಿತು. ಚಿಕ್ಕವಳಿದ್ದಾಗ ಅದು ಅವಳ ಕೆಲಸ. ಅಣ್ಣ ಯಕ್ಷಗಾನದ ಆಟಕ್ಕೆ ಹೊರಡುವ ಮೊದಲು ಮದ್ದಳೆಯ ಒಂದು ಮುಖಕ್ಕೆ ಅನ್ನ ನಾದಿ ಅಂಟಿಸಬೇಕು. ಆಗಲೇ ಅದಕ್ಕೆ ಸ್ವರ ಬರುವುದು. "ಮೊದಲು ಇದಕ್ಕೆ ಊಟ, ಮತ್ತೆ ನನಗೆ" ಎನ್ನುತ್ತಿದ್ದ. ಹೆಣ್ಣುಮಗಳು ಬಾರಿಸುವಂತಿರಲಿಲ್ಲ. ಉಣಿಸಬಹುದಿತ್ತು.

ಡಿಪೋದಲ್ಲಿ ಮರೈಕೆ, ಅವಳ ಮೇಲಿನ ಅಧಿಕಾರಿ, ಆಗಲೇ ಬಂದು ಕಾಫಿಯ ಲೋಟ ಹಿಡಿದು ಓಡಾಡುತ್ತಿದ್ದಳು. "ಇದು ನಿನ್ನ ದಿನ" ಎಂದು ಭುಜ ತಟ್ಟಿದಳು. ನೀಲಾವತಿ ಒಂದು ಹೆಜ್ಜೆ ಹಿಂದೆ ಸರಿದಳು. ಸೂತಕದವಳನ್ನು ಮುಟ್ಟಿದಳಲ್ಲ ಪಾಪ, ಎಂದು ಒಳಗೆ ಯಾರೋ ಹಳಬರು ಅಂದರು. ಮೂರು ದಿನ ಮುಗಿದಿದೆ ಎಂದು ಇನ್ನೊಬ್ಬರು ಅಂದರು. ಇಬ್ಬರೂ ಅವಳೇ. ಡೋಲಿನ ಊರಿನಿಂದ ಬಂದವರು ಇಬ್ಬರು: ಎಪ್ಪತ್ತನಾಲ್ಕರ ಅರ್ಲ್, ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ಅವನ ತಂಗಿ ಲೊರೇನ್. ಅರ್ಲ್ ತಮ್ಮ ಊರಿನ ಡೋಲನ್ನು ಕಾಯುವವನು. ಉದ್ದಕ್ಕೆ ಹೆಣೆದ ಬಿಳಿಯ ಜಡೆ, ಮಂಡಿ ನೋವಿನ ನಡಿಗೆ. ಅಣ್ಣ ತಂಗಿ ಎಂದು ಯಾರೂ ಮೊದಲೇ ಬರೆದಿರಲಿಲ್ಲ. ಹಳೆಯ ಕಾಲದಲ್ಲಿ ಚರ್ಮಕ್ಕೆ ಹುಳ ಹಿಡಿಯದಂತೆ ವಿಷ ಬಳಿಯುತ್ತಿದ್ದರು, ಅದು ಇನ್ನೂ ಇದೆ, ಬರಿಗೈಯಲ್ಲಿ ಮುಟ್ಟುವಂತಿಲ್ಲ ಎಂದು ಅವರಿಗೆ ಹೇಳುವುದು ನೀಲಾವತಿಯ ಪಾಲಿಗೆ ಬಂತು. ಹೇಳುವಾಗ ಅವಳ ದನಿ ಕ್ಷಮೆ ಬೇಡುವವರ ದನಿಯಾಯಿತು. ಅರ್ಲ್ ಅವಳು ಕೊಟ್ಟ ನೀಲಿ ಗ್ಲೌಸನ್ನು ಒಂದೊಂದೇ ಬೆರಳಿಗೆ ಎಳೆದುಕೊಂಡು, ಕೈಯನ್ನು ಬೆಳಕಿಗೆ ಹಿಡಿದು, "ಅಜ್ಜನ ಕೈ ಹಿಡಿಯೋಕೆ ಹಲ್ಲಿನ ಡಾಕ್ಟ್ರಾಗಬೇಕಾಯ್ತು" ಎಂದ.

"ಡಾಕ್ಟ್ರಾಗೋಕೆ ಓದಬೇಕಿತ್ತು. ನೀನು ಒಂಬತ್ತನೇ ಕ್ಲಾಸು" ಎಂದಳು ಲೊರೇನ್.

"ಪಾಸಾಗಿದ್ದೆ."

"ಟೀಚರು ಸತ್ತುಹೋದರು, ಅದಕ್ಕೆ."

ಮರೈಕೆ ಜೋರಾಗಿ ನಕ್ಕಳು. ನೀಲಾವತಿ ನಗಲು ಬಾಯಿ ತೆರೆದು, ನಗು ಎಲ್ಲಿಟ್ಟಿದ್ದೆ ಎಂದು ತಡಕಾಡಿದಳು. ಲೊರೇನಳ ಕಣ್ಣು ಆಗ ಅವಳ ತಲೆಯ ಮೇಲೆ ಒಂದು ಕ್ಷಣ ನಿಂತು ಹೋಯಿತು. ಮದುವೆ ಮನೆಯಲ್ಲಿ ಹರಿದ ಸೆರಗನ್ನು ಕಂಡವರು ಕಾಣದಂತೆ ಮುಖ ತಿರುಗಿಸುತ್ತಾರಲ್ಲ, ಹಾಗೆ.

ನೀಲಾವತಿ ಡೋಲಿನ ಹೊದಿಕೆ ತೆಗೆದಳು. ಅರ್ಲ್ ಅದರ ಎದುರು ನಿಂತ. ಗುಡಿಯಲ್ಲಿ ಪರದೆ ಸರಿದಾಗ ಊರಿನ ಮುದುಕರು ಕೈ ಮುಗಿಯುವುದನ್ನೂ ಮರೆತು ನಿಲ್ಲುವುದನ್ನು ನೀಲಾವತಿ ಕಂಡಿದ್ದಳು, ಅದೇ ನಿಲುವು. ಅವನು ಚೀಲದಿಂದ ತಂಬಾಕು ತೆಗೆದು, ಅವಳು ಅದಕ್ಕಾಗಿಯೇ ಇಟ್ಟಿದ್ದ ಮಣ್ಣಿನ ತಟ್ಟೆಯಲ್ಲಿ ಹಾಕಿ, ತನ್ನ ಭಾಷೆಯಲ್ಲಿ ಡೋಲಿನೊಡನೆ ಮಾತಾಡಿದ. ಪ್ರಾರ್ಥನೆಯಂತಿರಲಿಲ್ಲ ಅದು, ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದವರಿಗೆ ಮನೆಯ ಸುದ್ದಿ ಹೇಳುವಂತಿತ್ತು: ಯಾರು ಹುಟ್ಟಿದರು, ಯಾರು ಹೋದರು, ಈ ವರ್ಷ ಕಾಡುಭತ್ತ ಎಷ್ಟು ಬಂತು ಎಂದು ಹೇಳುತ್ತಿದ್ದಾನೆ ಎಂದು ಲೊರೇನ್ ಮೆಲ್ಲಗೆ ತಿಳಿಸಿದಳು. ನೀಲಾವತಿಗೆ ತಾನು ಈ ಎರಡು ವರ್ಷ ಇದರ ಹತ್ತಿರ ಒಂದು ಮಾತೂ ಆಡದೆ ತೇವಾಂಶ ಬರೆದುಕೊಂಡದ್ದು ನೆನಪಾಗಿ ನಾಚಿಕೆಯಾಯಿತು. ಅಣ್ಣನ ಜೊತೆಗೂ ಹಾಗೆಯೇ. ಊಟ ಆಯ್ತಾ, ಮಳೆ ಉಂಟಾ, ಅತ್ತಿಗೆ ಹೇಗಿದ್ದಾಳೆ. ತೇವಾಂಶದ ಲೆಕ್ಕ. ಗೂಟಗಳ ನಡುವೆ ಡೋಲನ್ನು ತೂಗಿಸಲು ನಾಲ್ವರೂ ಕೈ ಕೊಟ್ಟರು. ಎತ್ತುವಾಗ ಒಳಗೆಲ್ಲೋ ಒಂದು ಹಳೆಯ ಮರದ ನಿಟ್ಟುಸಿರು ಕೇಳಿಸಿತು. ಇನ್ನು ಸ್ವಲ್ಪ ಹೊತ್ತು ಅಣ್ಣ, ಎಂದುಕೊಂಡಳು. ಕಾಗೆ ಬರುತ್ತದೆ. ನಾಳೆ ಅತ್ತಿಗೆ ಫೋನು ಮಾಡಿ, ಅನ್ನ ಮುಟ್ಟಿತು ನೀಲಾ ಎನ್ನುತ್ತಾಳೆ. ಯಾಕೆ ಮುಟ್ಟಿತೆಂದು ನನಗೆ ಮಾತ್ರ ಗೊತ್ತಿರುತ್ತದೆ.

ಅರ್ಲ್ ಬಡಿಗೆಯನ್ನು ಕೈಗೆತ್ತಿಕೊಂಡ. ತುದಿಗೆ ಮೆತ್ತನೆಯ ಚರ್ಮ ಸುತ್ತಿದ್ದ ಬಡಿಗೆ. ಎತ್ತಿಕೊಂಡವನು ಹಾಗೆಯೇ ನಿಂತು ಮೂವರನ್ನೂ ನೋಡಿ ಇಂಗ್ಲಿಷಿನಲ್ಲಿ ಹೇಳಿದ: "ಶುರು ಮಾಡೋ ಮೊದಲು ಒಂದು ಕೇಳಬೇಕು, ನಮ್ಮಲ್ಲಿ ಹಾಗೆ ರೂಢಿ. ಈ ಕೋಣೆಯಲ್ಲಿ ಯಾರಿಗಾದರೂ ಹತ್ತಿರದವರು ತೀರಿಕೊಂಡು, ಕಣ್ಣೀರು ಇನ್ನೂ ಒರೆಸದೆ ಇದ್ದೀರಾ?"

ಮರೈಕೆ ಇಲ್ಲವೆಂದು ತಲೆಯಾಡಿಸಿದಳು. ಅವಳ ತಾಯಿ ಹೋಗಿ ಹನ್ನೊಂದು ವರ್ಷವಾಗಿತ್ತಂತೆ. ಆಮೇಲೆ ಆ ಮುದುಕ ನೀಲಾವತಿಯ ಕಡೆ ತಿರುಗಿದ. ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಊರಿನ ದೈವದ ಕೊಡಿಯಡಿಯಲ್ಲಿ, ಗುಡಿಯ ಮುಂದಿನ ಅಂಗಳದಲ್ಲಿ, ಸೂತಕ ಉಂಟಾ, ಮೈಲಿಗೆ ಉಂಟಾ ಎಂದು ಕೇಳುತ್ತಾರೆ. ಉಂಟು ಎಂದವರು ಅಂಗಳದ ಆಚೆ, ದಾಟಿ ಬರಲು ಇಟ್ಟ ಕಲ್ಲಿನ ತಡಮೆಯ ಆಚೆ ನಿಲ್ಲಬೇಕು. ಅಪ್ಪ ಹೋದ ವರ್ಷ ಅಣ್ಣ ತಂಗಿ ಇಬ್ಬರೂ ಹಾಗೆ ತಡಮೆಯ ಆಚೆ ನಿಂತು, ಒಳಗಿನ ಬೆಳಕಿನ ಕಡೆ ಮುಖ ಮಾಡಿ, ಬೆಲ್ಲದ ತುಂಡೊಂದನ್ನು ಅರ್ಧರ್ಧ ಮಾಡಿ ತಿಂದಿದ್ದರು. ಉಂಟು ಎಂದರೆ ಈಗ ಆ ಸ್ಟೀಲಿನ ಬಾಗಿಲಿನ ಆಚೆ ಹೋಗಬೇಕು. ಆ ಬಾಗಿಲು ಹೊರಗಿನ ಗಾಳಿಯನ್ನೇ ಒಳಗೆ ಬಿಡದ್ದು, ಶಬ್ದವನ್ನು ಹೊರಗೆ ಬಿಡುತ್ತದೆಯೇ? ಮೂರು ದಿನ, ಎಂದಿತು ಚೇತನನ ದನಿ. ನಿಂದು ಮುಗೀತು. ಶಾಸ್ತ್ರ ಹೇಳಿದವರೂ ದೊಡ್ಡವರೇ, ಅತ್ತೆಯವರು ಕಾಶಿಗೆ ಹೋಗಿ ಬಂದವರು. ಸುಳ್ಳಲ್ಲ. ಲೆಕ್ಕ.

"ಇಲ್ಲ" ಎಂದಳು ನೀಲಾವತಿ.

ಅರ್ಲ್ ತಲೆಯಾಡಿಸಿ ಡೋಲಿನ ಕಡೆ ತಿರುಗಿದ. ಲೊರೇನ್ ತಿರುಗಲಿಲ್ಲ. ಬಡಿಗೆ ಮೇಲೆದ್ದಿತು. ಮೇಲಿನ ಬಿಳಿಯ ದೀಪದಲ್ಲಿ ಆ ಮುದಿ ಕೈ, ನೀಲಿ ಗ್ಲೌಸಿನೊಳಗಿದ್ದರೂ, ನಡುಗದೆ ನಿಂತದ್ದನ್ನು ನೋಡುತ್ತಿದ್ದಂತೆ ಅವಳಿಗೆ ಅಣ್ಣನ ಮಣಿಕಟ್ಟು ಕಂಡಿತು. ಮೊದಲ ಪೆಟ್ಟಿಗೆ ಮುಂಚೆ ಅವನು ಹೀಗೆಯೇ ಕೈಯನ್ನು ಗಾಳಿಯಲ್ಲಿ ಒಂದು ಉಸಿರು ಹೊತ್ತು ನಿಲ್ಲಿಸುತ್ತಿದ್ದ. "ಯಾಕೆ ನಿಲ್ಲಿಸ್ತಿ?" ಎಂದು ಅವಳು ಕೇಳಿದ್ದಕ್ಕೆ, "ಅದು ತಯಾರಿದೆಯಾ ಅಂತ ಕೇಳ್ಬೇಕಲ್ಲ. ಸುಳ್ಳು ಇಟ್ಕೊಂಡು ಬಾರಿಸಿದ್ರೆ ಚರ್ಮಕ್ಕೆ ಗೊತ್ತಾಗ್ತದೆ" ಎಂದಿದ್ದ. ಆಗ ಅದು ತಮಾಷೆಯಾಗಿತ್ತು. ತೊಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವನ ಮೊದಲ ಮಾತು ನನ್ನ ಸುಳ್ಳಿನ ಮೇಲೆ ಬೀಳುತ್ತದೆ. ಅದನ್ನೇ ಒಯ್ದು ಅಣ್ಣನಿಗೆ ಬಡಿಸಬೇಕು.

"ನಿಲ್ಲಿಸಿ" ಎಂದಳು. ತನ್ನ ದನಿಯೇ ಎಂದು ಅವಳಿಗೆ ಮೊದಲು ಗೊತ್ತಾಗಲಿಲ್ಲ. "ಇದ್ದೇನೆ. ನಾನಿದ್ದೇನೆ. ನನ್ನ ಅಣ್ಣ. ಏಳು ದಿನ."

ಯಾರಾದರೂ ಏನಾದರೂ ಹೇಳುವ ಮೊದಲೇ ಅವಳು ಹೊರಟಳು. ಯಾರನ್ನೂ ಸೋಕದಂತೆ ತೋಳುಗಳನ್ನು ಮೈಗೆ ಒತ್ತಿಕೊಂಡು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ಹೆಜ್ಜೆ ಇಟ್ಟು, ಬಾಗಿಲಿನ ಗುಂಡಿಯನ್ನು ಮೊಣಕೈಯಲ್ಲಿ ಒತ್ತಿ ಹೊರಗೆ ಬಂದಳು. ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಯಂತ್ರದ ಗಾಳಿಯ ಸದ್ದು. ಕಿವಿಯನ್ನು ಬಾಗಿಲಿಗೆ ಒತ್ತಿ ನಿಂತಳು. ಸೂತಕದವರು ತಡಮೆಯ ಆಚೆಯಿಂದ ಕೇಳಿಸಿಕೊಳ್ಳಬಾರದೆಂದು ಯಾರೂ ಹೇಳಿಲ್ಲ. ಏನೂ ಕೇಳಿಸಲಿಲ್ಲ. ತಣ್ಣನೆಯ ಲೋಹ, ಅದರಲ್ಲಿ ಅವಳದೇ ರಕ್ತದ ಬಡಿತ. ಬಾಗಿಲು ತೆರೆದಾಗ ಅವಳು ಮುಗ್ಗರಿಸುವಂತಾಯಿತು. ಲೊರೇನ್ ಬಂದಿದ್ದಳು.

"ಎಲ್ಲಿಗೆ ಹೊರಟೆ?"

"ಹೊರಗೆ. ನಮ್ಮಲ್ಲಿ ಹೊರಗೆ ನಿಲ್ಲಬೇಕು."

"ಹೊರಗೆ ಹೋಗು ಅಂತ ಯಾರು ಹೇಳಿದರು?" ಲೊರೇನ್ ಅವಳ ಎರಡೂ ಮೊಣಕೈ ಹಿಡಿದಳು. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. "ಹೊರಗೆ ಕಳಿಸೋಕೆ ಕೇಳೋದಲ್ಲ ಮಗಳೇ. ಯಾರನ್ನ ಮೊದಲು ಒಳಗೆ ಕರ್ಕೊಂಡು ಬರಬೇಕು ಅಂತ ತಿಳ್ಕೊಳ್ಳೋಕೆ ಕೇಳೋದು."

ಆ ಮಾತು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಕಾರಿಡಾರಿನ ನೆಲದ ಮೇಲೆಯೇ ಕೂತುಬಿಟ್ಟಳು. ನಲವತ್ತಾರು ವರ್ಷ ತಾನು ತಿಳಿದಿದ್ದ ತಡಮೆ ಇದೇ ಪ್ರಶ್ನೆಯ ಆಚೆ ಇತ್ತು. ಇವರಲ್ಲಿ ಅದೇ ಪ್ರಶ್ನೆಗೆ ಒಳಗೆ ಬಾ ಎಂಬ ಅರ್ಥ. ದೇವರೇ, ನೀನು ಒಂದೇ ಮಾತನ್ನು ಎಷ್ಟು ಬಾಗಿಲಲ್ಲಿ ಎಷ್ಟು ಥರ ಕೇಳುತ್ತೀ. ಲೊರೇನ್ ಹೇಳುತ್ತ ಹೋದಳು. ಅವರ ಕಡೆ ಸತ್ತವರ ಮನೆಯವರನ್ನು ಹೊತ್ತು ಗೊತ್ತು ನೋಡಿ ಡೋಲಿನ ಬಳಿಗೆ ಕರೆತರುತ್ತಾರೆ; ಮುಖ ತೊಳೆಸಿ, ತಲೆ ಬಾಚಿ, ಹೊಸ ಬಟ್ಟೆ ಕೊಟ್ಟು, ಎಲ್ಲರ ನಡುವೆ ಕೂರಿಸಿ ಉಣಿಸುತ್ತಾರೆ. ಹೆಂಗಸರು ಬೇಕು, ಅಡುಗೆ ಬೇಕು, ಹಾಡು ಬೇಕು. "ಅದನ್ನ ಇಲ್ಲಿ ಒಂದು ಗಂಟೆಯಲ್ಲಿ ಮಾಡೋಕಾಗಲ್ಲ. ಅರ್ಧಂಬರ್ಧ ಮಾಡೋದು ಮಾಡದೆ ಇರೋದಕ್ಕಿಂತ ಕೆಟ್ಟದ್ದು."

"ಹಾಗಾದರೆ ಅವರು ಬಾರಿಸಲಿ. ನಾನು ಇಲ್ಲೇ ಇರುತ್ತೇನೆ."

ಲೊರೇನ್ ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಅರ್ಲ್ ಆಗಲೇ ಬಡಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಮರೈಕೆ ಗಡಿಯಾರ ನೋಡುತ್ತ, ಇನ್ನೂ ನಲವತ್ತು ನಿಮಿಷದ ಅನುಮತಿ ಇದೆ, ಮತ್ತೆ ಇದಕ್ಕೆಲ್ಲ ಅರ್ಜಿ ಹಾಕಿ ಸಮಿತಿ ಕೂರಬೇಕೆಂದರೆ ಒಂದು ವರ್ಷವಾದರೂ ಬೇಕು ಎಂದು ಕೆಂಪು ಮುಖದಲ್ಲಿ ವಿವರಿಸುತ್ತಿದ್ದಳು. ಅರ್ಲ್ ಕೇಳಿಸಿಕೊಂಡು, "ಮನೆಯಲ್ಲಿ ಒಬ್ಬಳು ಅಳೋಕೆ ಕೂತಿರುವಾಗ ಅವಳನ್ನ ದಾಟಿ ಹೋಗಿ ಹಾಡೋಕಾಗಲ್ಲ ಅಮ್ಮ. ಅಜ್ಜ ನಮಗೆ ಕಲಿಸಿದ್ದು ಅದನ್ನೇ" ಎಂದ. ನೀಲಾವತಿ ಅವನ ಮುಂದೆ ನಿಂತು, ತಪ್ಪಾಯಿತು, ನಾನು ಮೊದಲೇ ಹೇಳಬೇಕಿತ್ತು, ನಿಮ್ಮ ನಾಲ್ಕು ಪೆಟ್ಟನ್ನು ನಾನೇ ತಿಂದುಹಾಕಿದೆ ಎಂದು ಏನೇನೋ ತೊದಲಿದಳು. ಅವನು ಮಂಡಿಯ ನೋವಿಗೆ ಮುಖ ಕಿವುಚಿ ಕುರ್ಚಿಯ ಮೇಲೆ ಕೂತು, "ತೊಂಬತ್ತು ವರ್ಷ ಕಾದವನಿಗೆ ಒಂದು ವರ್ಷ ಏನು ಮಹಾ? ಅಜ್ಜ ಕಾಯ್ತಾನೆ" ಎಂದ.

"ಅಜ್ಜ ಕಾಯ್ತಾನೆ. ನೀನು?" ಎಂದಳು ಲೊರೇನ್.

ಈ ಸಲ ಅದು ಕೀಟಲೆಯಾಗಿರಲಿಲ್ಲ. ಅರ್ಲ್ ನೀಲಿ ಗ್ಲೌಸನ್ನು ಕಳಚಿ, ಮುಟ್ಟಬಾರದು ಎಂದು ಅವಳು ಹೇಳಿದ್ದಕ್ಕೆ ಸರಿಯಾಗಿ, ಬರಿಯ ಅಂಗೈಯನ್ನು ಚರ್ಮದಿಂದ ಒಂದು ಅಂಗುಲ ಮೇಲೆ ಹಿಡಿದ. ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದ. ಆ ಒಂದು ಅಂಗುಲವನ್ನು ನೀಲಾವತಿ ನೋಡಲಾರದೆ ನೆಲ ನೋಡಿದಳು. ನಿಜ ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದು ಕಥೆಗಳಲ್ಲಿ ಹೇಳುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ. ಸುಳ್ಳು ಹೇಳಿದ್ದರೆ ಅವರು ಕೇಳುತ್ತಿದ್ದರು, ನಿಜ ಹೇಳಿ ಅವರಿಗೂ ಇಲ್ಲದಂತೆ ಮಾಡಿದೆ ಎಂಬುದು ಎದೆಯಲ್ಲಿ ಕಲ್ಲಿನಂತೆ ಕೂತಿತು. ಹೊದಿಕೆ ಹಾಕಿದ ಮೇಲೆ ಅವಳು ನಮೂನೆಯ ಹಾಳೆ ತುಂಬಬೇಕಿತ್ತು. ಪೆಟ್ಟುಗಳ ಸಂಖ್ಯೆ: ಸೊನ್ನೆ. ಅದರ ಕೆಳಗೆ, ಬೇರೆ ಯಾವ ನಮೂನೆಯಲ್ಲೂ ಇಲ್ಲದ ಒಂದು ಸಾಲನ್ನು ಅವಳೇ ಸೇರಿಸಿದ್ದಳು: ಧ್ವನಿ. ಅಲ್ಲಿ ಪೆನ್ನು ಇಟ್ಟು, ತೆಗೆದು, ಖಾಲಿ ಬಿಟ್ಟಳು.

ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಗದ್ದಲ ಮುಗಿದಿತ್ತು. ಮರೈಕೆ ಮೇಲಿನವರಿಗೆ ವರದಿ ಹೇಳಲು ಹೋದಳು, ಹೋಗುವಾಗ ನೀಲಾವತಿಯ ಹತ್ತಿರ ಬಗ್ಗಿ, "ಯಾಕೆ ನನಗೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದಳು, ಅದರಲ್ಲಿ ಸಿಟ್ಟಿಗಿಂತ ಬೇಸರವಿತ್ತು. ಕಿಟಕಿಯ ಹತ್ತಿರ ಮೂವರೂ ಕೂತರು. ಲೊರೇನ್ ತನ್ನ ಕೈಚೀಲದಿಂದ ಹಲ್ಲು ಅಗಲದ ಒಂದು ಬಾಚಣಿಗೆ ತೆಗೆದು, ಕೇಳದೆ, ನೀಲಾವತಿಯ ಹಿಂದೆ ಬಂದು ನಿಂತಳು. "ಇದು ಅದಲ್ಲ. ಇದರಲ್ಲಿ ಶಾಸ್ತ್ರ ಏನಿಲ್ಲ. ಸಿಕ್ಕು ನೋಡೋಕಾಗ್ತಿಲ್ಲ, ಅಷ್ಟೇ" ಎಂದಳು. ರಬ್ಬರ್ ಬ್ಯಾಂಡ್ ಬಿಚ್ಚಿತು. ತುದಿಯಿಂದ ಶುರುಮಾಡಿ, ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೋಯದಂತೆ. ಏಳು ದಿನದ ಸಿಕ್ಕು ಒಂದೊಂದಾಗಿ ಬಿಡುತ್ತ ಬಂತು. ನೀಲಾವತಿ ಮೊದಲು ಸದ್ದಿಲ್ಲದೆ, ಆಮೇಲೆ ಆ ದೊಡ್ಡ ಹಾಲಿನಲ್ಲಿ ಕಾಫಿ ಮಷೀನಿನ ಹತ್ತಿರ ನಿಂತಿದ್ದವರು ತಿರುಗಿ ನೋಡುವಷ್ಟು, ಅತ್ತಳು. ಬಾಚಣಿಗೆ ನಿಲ್ಲಲಿಲ್ಲ. ಅರ್ಲ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅಳು ಇಳಿದ ಮೇಲೆ, ಅಣ್ಣ ಏನು ಮಾಡುತ್ತಿದ್ದ ಎಂದು ಅವನೇ ಕೇಳಿದ. ಅವಳು ಮದ್ದಳೆಯ ವಿಷಯ ಹೇಳಿದಳು. ಅನ್ನ ನಾದಿ ಅಂಟಿಸುವುದನ್ನು ಹೇಳಿದಳು. ಹೋಟೆಲಿನ ಹಿಟ್ಟನ್ನೂ ಹೇಳಿದಳು. ಕಾಗೆ ಮುಟ್ಟದ್ದನ್ನು ಹೇಳಿದಳು, ಯಾಕೆಂಬುದನ್ನೂ. ಮೊದಲ ಸಲ, ಒಬ್ಬರೆದುರು, ಎಲ್ಲವನ್ನೂ.

"ಅಂದರೆ ಅವನೂ ನಮ್ಮ ಹಾಗೆ ಅಜ್ಜನ ಧ್ವನಿ ಕೇಳೋಕೆ ಬಂದಿದ್ದ" ಎಂದ ಅರ್ಲ್.

ಲೊರೇನ್ ಜಡೆ ಹಾಕಿ ಮುಗಿಸಿ, ಮೇಜಿನ ಮೇಲಿದ್ದ ನೀಲಾವತಿಯ ಊಟದ ಡಬ್ಬಿಯನ್ನು ಕಣ್ಣಲ್ಲೇ ತೋರಿಸಿದಳು. "ನಾವೂ ಹೋದವರಿಗೆ ತಟ್ಟೆಯಲ್ಲಿ ತೆಗೆದಿಡ್ತೀವಿ. ಮೊದಲು ಅವರಿಗೆ. ಎದ್ದೇಳು." ಕುಚ್ಚಲಕ್ಕಿ ಅನ್ನದ ಒಂದು ಹಿಡಿಯನ್ನು ನೀಲಾವತಿ ಸ್ಟೀಲಿನ ಮುಚ್ಚಳಕ್ಕೆ ಹಾಕಿಕೊಂಡಳು. ಬೆರಳು ನಾದತೊಡಗಿತು, ಈ ಸಲ ತಡೆಯಲಿಲ್ಲ. ಹಿಂಬಾಗಿಲಿನ ಹೊರಗೆ ಸೈಕಲ್ ನಿಲ್ಲಿಸುವ ಜಾಗ, ಅದರ ಆಚೆ ಮೊಣಕಾಲೆತ್ತರದ ಇಟ್ಟಿಗೆಯ ಗೋಡೆ. ಗೋಡೆಯ ತುದಿಯಲ್ಲಿ ಈ ದೇಶದ ಕಾಗೆ, ಬೂದು ಕತ್ತಿನ, ಬಿಳಿ ಕಣ್ಣಿನ ಸಣ್ಣ ಜಾತಿಯದು, ಕೂತಿತ್ತು. ಅವಳು ಮುಚ್ಚಳವನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದು ಕೈ ಮುಗಿದಳು. ವಿಮಾನವೊಂದು ತೀರ ಕೆಳಗೆ ಇಳಿಯುತ್ತ ಸ್ಕಿಪೋಲ್ ವಿಮಾನ ನಿಲ್ದಾಣದ ಕಡೆ ಹೋಯಿತು. ಕಾಗೆ ಎರಡು ಸಲ ಕುಪ್ಪಳಿಸಿ ಹತ್ತಿರ ಬಂತು, ತಲೆ ಓರೆ ಮಾಡಿ ಅನ್ನವನ್ನು ನೋಡಿತು, ಅವಳನ್ನು ನೋಡಿತು. ಮುಟ್ಟಲಿಲ್ಲ.

ಹಾಗೆ ಮುಟ್ಟದಿದ್ದಾಗ ಉಳಿದವರು ಮಾತು ಕೊಡಬೇಕು. ಕೊಡಬಲ್ಲ ಮಾತನ್ನೇ ಕೊಡಬೇಕು, ಸತ್ತವರಿಗೆ ಕೊಟ್ಟ ಸುಳ್ಳು ಸತ್ತವರ ಹಸಿವಿಗಿಂತ ಕೆಟ್ಟದ್ದು. ಅರ್ಲ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಒಂದು ವರ್ಷ, ಅರ್ಜಿ, ಸಮಿತಿ, ಆ ಮಂಡಿ. ಯಾವುದೂ ಅವಳ ಕೈಯಲ್ಲಿರಲಿಲ್ಲ.

"ಕೇಳಲಿಲ್ಲ ಅಣ್ಣ" ಎಂದಳು, ಮನೆಯ ತುಳುವಿನಲ್ಲಿ, ಗಟ್ಟಿಯಾಗಿ. "ನನ್ನಿಂದಲೇ ಆಗಲಿಲ್ಲ. ಅದು ಮಾತಾಡಲಿಲ್ಲ. ಇಪ್ಪತ್ತಕ್ಕೆ ನಾನು ಬರ್ತೇನೆ, ನಿನ್ನ ಬಳಿಯವಳಾಗಿ ಕೂತ್ಕೊಳ್ತೇನೆ. ಅದು ಎಂದಾದ್ರೂ ಮಾತಾಡಿದ್ರೆ ಹತ್ತಿರವೇ ನಿಲ್ತೇನೆ. ಅಷ್ಟು ಮಾತ್ರ ಹೇಳ್ಲಿಕ್ಕೆ ಆಗುದು ನನಗೆ."

ಅನ್ನಕ್ಕೆ ಬೆನ್ನು ಹಾಕಿ ಬಾಗಿಲ ಕಡೆ ನಡೆದಳು. ನೋಡುತ್ತ ನಿಂತರೆ ಅವು ತಿನ್ನುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಇಟ್ಟಿಗೆಯ ಮೇಲೆ ಸ್ಟೀಲಿನ ಮುಚ್ಚಳ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಗಾಳಿಯೂ ಇತ್ತು. ಅರ್ಲ್ ಅವಳ ಭುಜದ ಮೇಲಿನಿಂದ ಗೋಡೆಯ ಕಡೆ ನೋಡುತ್ತಿದ್ದ. ಅವಳು ಅವನನ್ನು ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ.